ಮನಶ್ಶಾಸ್ತ್ರ ಬೋಧನೆಯಲ್ಲಿ ಉಪಕರಣ: ಪ್ರೊ. ಎಂ. ವಿ. ಗೋಪಾಲಸ್ವಾಮಿಯವರ ಜೀವನ

ಕನ್ನಡ ನಾಡಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರ ಹೆಸರನ್ನು ಕೇಳಿದವರಿಗೆ ಕೊರತೆಯಿಲ್ಲ. ಆದರೆ ಕೇಳಿದವರಲ್ಲಿ ಬಹುಮಂದಿ ಅವರನ್ನು ಬಲ್ಲುದು ಮೈಸೂರಿನ ಆಕಾಶವಾಣಿಯ ಸ್ಥಾಪಕರೆಂದು ಮಾತ್ರ. ಅವರ ವೃತ್ತಿ ಬಾನುಲಿಯಾಗಿರಲಿಲ್ಲ. ಅವರು ಮನಶ್ಶಾಸ್ತ್ರದ ಅಧ್ಯಾಪಕರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಆ ಶಾಸ್ತ್ರದ ವಿಭಾಗವನ್ನು ಕಟ್ಟಿ ಬೆಳೆಸಿದವರು. ಬಾನುಲಿಯ ಕೀರ್ತಿ ಅಧ್ಯಾಪನದ ಕೀರ್ತಿಯನ್ನು ಮರೆಮಾಡಿತೆಂದರೆ ತಪ್ಪಾಗದು. ದಾನಿಗಳ ಔದಾರ್ಯದಿಂದ ನಮ್ಮ ಸೀಮೆಯ ಶಾಲೆ ಕಾಲೇಜುಗಳಿಗೂ ಗಣಕಯಂತ್ರಗಳು ಬಂದು, ಅವುಗಳಿಂದ ಏನನ್ನು ಕಲಿಸಬೇಕು, ಹೇಗೆ ಕಲಿಸಬೇಕು ಎಂಬ ಪ್ರಶ್ನೆ ಅಧ್ಯಾಪಕವರ್ಗದ ಮುಂದಿರುವ ಈ ಕಾಲದಲ್ಲಿ, ಉಪಕರಣದ ಮೂಲಕ ಮನಸ್ಸಿನ ಅಧ್ಯಯನವನ್ನು ಕಲಿಸಿದ ಈ ಮಹನೀಯರ ಜೀವನವನ್ನು ಸ್ಮರಿಸುವುದು ಉಚಿತವೆಂದು ತೋರಿತು.

ಇಲ್ಲಿ ಒಂದು ಸೂಚನೆ ಅವಶ್ಯ. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದು, 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾದಾಗ ಅದರ ಮೊದಲ ನಿರ್ದೇಶಕರಾದವರು ಡಾ. ಎಂ. ವಿ. ಗೋವಿಂದಸ್ವಾಮಿಯವರು. ಅವರು ವೈದ್ಯರು. ಹೆಸರುಗಳ ಹೋಲಿಕೆಯಿಂದ ಈ ಇಬ್ಬರನ್ನು ಒಬ್ಬರೆಂದೇ ಬರೆದುಬಿಡುವುದುಂಟು. ನಮ್ಮ ಕಥಾನಾಯಕರು ಗೋಪಾಲಸ್ವಾಮಿಯವರು.

ಅವರು ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕಡೆಯ ದಶಕದಲ್ಲಿ. ಆ ವೇಳೆಗೆ ಮನಶ್ಶಾಸ್ತ್ರವು ತತ್ತ್ವಶಾಸ್ತ್ರದ ಮನೆಯನ್ನು ಬಿಟ್ಟು ಪ್ರತ್ಯೇಕ ಸಂಸಾರ ಹೂಡಿ ಕೆಲವೇ ವರ್ಷಗಳಾಗಿದ್ದುವು. ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ವಿಲ್‌ಹೆಲ್ಮ್ ವುಂಟ್ ಎಂಬ ವಿದ್ವಾಂಸನು 1879ರಲ್ಲಿ ಪ್ರಯೋಗಾಲಯವನ್ನು ತೆರೆದಂದಿನಿಂದ, ಮನಸ್ಸನ್ನು ಕುರಿತು ತರ್ಕಿಸುವುದರ ಜೊತೆಗೆ ಅದರ ವ್ಯಾಪಾರಗಳನ್ನು ಅಳೆಯಲೂಬಹುದೆಂಬ ನಂಬಿಕೆ ಹರಡತೊಡಗಿತ್ತು. ಭಾರತದಲ್ಲಿ ಈ ಹೊಸ ಶಾಸ್ತ್ರಕ್ಕೆ ಮೊದಲು ಬಾಗಿಲು ತೆರೆದುದು ಕಲ್ಕತ್ತೆ. ಅಲ್ಲಿನ ವಿಶ್ವವಿದ್ಯಾನಿಲಯಕ್ಕಾಗಿ ಪ್ರಾಯೋಗಿಕ ಮನಶ್ಶಾಸ್ತ್ರದ ಪಠ್ಯಕ್ರಮವನ್ನು 1905ರಲ್ಲಿ ಸಿದ್ಧಪಡಿಸಿದವರು ಬ್ರಜೇಂದ್ರನಾಥ ಸೀಲರು. 1916ರಲ್ಲಿ ವಿಭಾಗವು ಎನ್. ಎನ್. ಸೇನ್‌ಗುಪ್ತರ ನೇತೃತ್ವದಲ್ಲಿ ಕಾರ್ಯಾರಂಭ ಮಾಡಿತು. ಅದೇ 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ವಿಶ್ವವಿದ್ಯಾನಿಲಯವೂ ಜನ್ಮ ತಳೆಯಿತು. ಸೀಲರು 1921ರಲ್ಲಿ ಮೈಸೂರಿಗೆ ಉಪಕುಲಪತಿಗಳಾಗಿ ಬಂದು 1930ರವರೆಗೆ ಇದ್ದರು. ಕಲ್ಕತ್ತೆಯಲ್ಲಿ ಪಠ್ಯಕ್ರಮ ಬರೆದ ಕೈಯೇ ಮೈಸೂರಿನ ಆಡಳಿತವನ್ನು ಹಿಡಿದದ್ದು ಈ ಶಾಸ್ತ್ರದ ಭಾಗ್ಯವೆನ್ನಬೇಕು.

ಗೋಪಾಲಸ್ವಾಮಿಯವರು ಉನ್ನತ ವ್ಯಾಸಂಗಕ್ಕಾಗಿ ಲಂಡನ್ನಿಗೆ ತೆರಳಿ ಚಾರ್ಲ್ಸ್ ಸ್ಪಿಯರ್‌ಮನ್ನರ ಶಿಷ್ಯರಾದರು. ಸ್ಪಿಯರ್‌ಮನ್ನರು ಆ ಕಾಲದ ಮೇರು ವಿದ್ವಾಂಸರಲ್ಲೊಬ್ಬರು. ಬುದ್ಧಿಯ ಕಾರ್ಯಗಳು ಬೇರೆಬೇರೆಯಾಗಿ ಕಂಡರೂ ಅವೆಲ್ಲಕ್ಕೂ ಸಮಾನವಾದ ಒಂದು ಸಾಮಾನ್ಯ ಶಕ್ತಿಯುಂಟು, ಜೊತೆಗೆ ಆಯಾ ಕಾರ್ಯಕ್ಕೆ ಸೀಮಿತವಾದ ವಿಶೇಷ ಶಕ್ತಿಗಳೂ ಉಂಟು ಎಂಬ ಸಿದ್ಧಾಂತವನ್ನು ಅವರು 1904ರಲ್ಲಿಯೇ ಗಣಿತದ ಆಧಾರದಿಂದ ಮಂಡಿಸಿದ್ದರು. ಗುರುವಿನ ಈ ಸಿದ್ಧಾಂತವನ್ನು ಶಿಷ್ಯರು ಕೈಕೆಲಸದ ಕ್ಷೇತ್ರಕ್ಕೆ ಒಯ್ದರು. ಕೈಯ ಚಲನೆಯನ್ನು ಕಲಿಯುವುದರಲ್ಲಿ ಬುದ್ಧಿಯ ಪಾಲೆಷ್ಟು ಎಂಬುದು ಅವರು ಎತ್ತಿಕೊಂಡ ಸಮಸ್ಯೆ. ಆ ಸಂಶೋಧನೆಯ ಫಲವಾದ ಲೇಖನ 1924ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸೈಕಾಲಜಿ ಎಂಬ ಪ್ರತಿಷ್ಠಿತ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅವರು ಬಳಸಿದ ಸಾಧನ ಕನ್ನಡಿ. ಅಧ್ಯಾಪಕ ಮಿತ್ರರ ಉಪಯೋಗಕ್ಕಾಗಿ ಇದನ್ನು ತುಸು ವಿಸ್ತರಿಸಿ ಹೇಳುತ್ತೇನೆ. ಕಾಗದದ ಮೇಲೆ ಎರಡು ಗೆರೆಗಳ ನಡುವೆ ಕಿರಿದಾದ ಹಾದಿಯಿರುವಂತೆ ಒಂದು ನಕ್ಷತ್ರವನ್ನು ಬರೆದು ಮೇಜಿನ ಮೇಲಿಡಬೇಕು. ಅದರ ಆಚೆ ಬದಿಗೆ ಒಂದು ಕನ್ನಡಿಯನ್ನು ನೆಟ್ಟಗೆ ನಿಲ್ಲಿಸಬೇಕು. ಕಲಿಯುವವನ ಕಣ್ಣಿಗೆ ತನ್ನ ಕೈಯಾಗಲಿ ಕಾಗದವಾಗಲಿ ನೇರವಾಗಿ ಕಾಣದಂತೆ ಒಂದು ರಟ್ಟನ್ನು ಅಡ್ಡ ಹಿಡಿಯಬೇಕು. ಅವನು ಕನ್ನಡಿಯಲ್ಲಿನ ಪ್ರತಿಬಿಂಬವನ್ನು ಮಾತ್ರ ನೋಡುತ್ತ, ಗೆರೆ ದಾಟದಂತೆ, ಪೆನ್ಸಿಲಿನಿಂದ ನಕ್ಷತ್ರದ ಹಾದಿಯನ್ನು ಒಂದು ಸುತ್ತು ಹಾಕಬೇಕು. ಹಿಡಿದ ಕಾಲವೆಷ್ಟು, ಗೆರೆ ಮುಟ್ಟಿದ ತಪ್ಪುಗಳೆಷ್ಟು ಎಂಬುದನ್ನು ಬರೆದುಕೊಳ್ಳಬೇಕು. ಹೀಗೆ ಹತ್ತು ಬಾರಿ.

ನೋಡಲು ಮಕ್ಕಳಾಟದಂತಿರುವ ಈ ಪ್ರಯೋಗಕ್ಕೆ ಕುಳಿತವರು ಎಂತಹ ಪದವೀಧರರಾಗಿದ್ದರೂ ಮೊದಲ ಸುತ್ತಿನಲ್ಲಿ ಬೆವರುವುದು ಖಂಡಿತ. ಆಚೆ ಬದಿಯ ಕನ್ನಡಿಯು ಎಡಬಲಗಳನ್ನು ಹಾಗೆಯೇ ಉಳಿಸಿ, ಹತ್ತಿರ ದೂರಗಳನ್ನು ಮಾತ್ರ ತಿರುಗುಮುರುಗು ಮಾಡುತ್ತದೆ. ಮುಂದಕ್ಕೆ ಹೋಗೆಂದು ಕಣ್ಣು ಹೇಳಿದರೆ ಕೈ ಹಿಂದಕ್ಕೆ ಸರಿಯಬೇಕು. ಬಾಲ್ಯದಿಂದ ಕೂಡಿ ಬಾಳಿದ ಕಣ್ಣು ಕೈಗಳ ಸ್ನೇಹ ಅಲ್ಲಿಗೆ ಮುರಿಯುತ್ತದೆ. ನಕ್ಷತ್ರದ ಮೂಲೆಗೆ ಬಂದ ಪೆನ್ಸಿಲು ಎತ್ತ ತಿರುಗಲೂ ಆಗದೆ ನಿಂತಲ್ಲೇ ಗೀಚುತ್ತದೆ. ಆದರೆ ಎರಡನೆಯ ಸುತ್ತಿನಲ್ಲಿ ಕಾಲ ಇಳಿಯುತ್ತದೆ, ಮೂರನೆಯದರಲ್ಲಿ ಮತ್ತಷ್ಟು. ಬರಬರುತ್ತ ಇಳಿತ ಕಡಿಮೆಯಾಗಿ ಗೆರೆ ಚಪ್ಪಟೆಯಾಗುತ್ತದೆ. ಕಲಿಕೆಯ ವಕ್ರರೇಖೆಯೆಂದು ಶಿಕ್ಷಣ ತರಬೇತಿಯ ಪುಸ್ತಕಗಳಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಚಿತ್ರ, ವಿದ್ಯಾರ್ಥಿಯ ಸ್ವಂತ ಬೆವರಿನಿಂದ ಮೂಡಿ ಬರುತ್ತದೆ. ಬಲಗೈಯಲ್ಲಿ ಕಲಿತ ಬಳಿಕ ಎಡಗೈಯಿಂದ ಮಾಡಿಸಿದರೆ, ಏನೂ ಅಭ್ಯಾಸವಿಲ್ಲದ ಆ ಕೈ ಕೂಡ ಬಲಗೈಯ ಮೊದಲ ಪ್ರಯತ್ನಕ್ಕಿಂತ ಮೇಲಾಗಿ ಮಾಡುವುದುಂಟು. ಕಲಿಕೆಯ ವರ್ಗಾವಣೆಯೆಂಬುದು ಇದೇ. ತಡವಿ ತಡವಿ ದಾರಿ ಕಾಣುವವನೊಬ್ಬ, ಕನ್ನಡಿಯ ನಿಯಮವನ್ನು ಊಹಿಸಿ ಅದರಂತೆ ಕೈ ನಡೆಸುವವನೊಬ್ಬ. ಇವರಿಬ್ಬರ ನಡುವಣ ಅಂತರದಲ್ಲಿ ಬುದ್ಧಿಯ ಪಾತ್ರವನ್ನು ಹುಡುಕುವ ಕೆಲಸವೇ ಗೋಪಾಲಸ್ವಾಮಿಯವರದು.

ಕನ್ನಡಿಯ ಈ ಪ್ರಯೋಗಕ್ಕೆ ಮುಂದೆ ದೊಡ್ಡ ಗೌರವ ಬಂದಿತು. ಅಪಸ್ಮಾರಕ್ಕಾಗಿ 1953ರಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆಗೆ ಒಳಗಾಗಿ ಹೊಸದೇನನ್ನೂ ನೆನಪಿಡಲಾಗದ ಸ್ಥಿತಿಗೆ ಬಂದಿದ್ದ ಅಮೆರಿಕದ ಒಬ್ಬ ರೋಗಿಗೆ, ಕೆನಡಾದ ಬ್ರೆಂಡಾ ಮಿಲ್ನರ್ ಎಂಬ ವಿದುಷಿ ಇದೇ ನಕ್ಷತ್ರವನ್ನು ಕನ್ನಡಿಯಲ್ಲಿ ನೋಡಿ ಬರೆಯಲು ಕೊಟ್ಟರು. ಮೂರು ದಿನಗಳ ಅಭ್ಯಾಸದಿಂದ ಅವನ ತಪ್ಪುಗಳು ಇಳಿದುವು. ಆದರೆ ಹಿಂದಿನ ದಿನ ಅದನ್ನು ಮಾಡಿದ ನೆನಪೇ ಅವನಿಗಿರಲಿಲ್ಲ. ತಲೆ ಮರೆತದ್ದನ್ನು ಕೈ ನೆನಪಿಟ್ಟಿತ್ತು. ಸ್ಮೃತಿಯು ಒಂದೇ ಬಗೆಯದಲ್ಲವೆಂಬುದು 1962ರಲ್ಲಿ ಪ್ರಕಟವಾದ ಈ ಶೋಧದಿಂದ ವಿದ್ವಲ್ಲೋಕಕ್ಕೆ ಮನವರಿಕೆಯಾಯಿತು. ನಮ್ಮ ನಾಡಿನ ಪದವಿ ತರಗತಿಗಳ ಮನಶ್ಶಾಸ್ತ್ರ ಪ್ರಯೋಗಾಲಯಗಳಲ್ಲಿ ಕನ್ನಡಿ ಇಂದಿಗೂ ಉಳಿದಿದೆ.

ಲಂಡನ್ನಿನಿಂದ ಮರಳಿದ ಗೋಪಾಲಸ್ವಾಮಿಯವರ ಮುಖಂಡತ್ವದಲ್ಲಿ 1924ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಕಲ್ಕತ್ತೆಯನ್ನು ಬಿಟ್ಟರೆ ದೇಶದಲ್ಲಿ ಇದೇ ಎರಡನೆಯದು. ಅಂದಿನ ವಿಶ್ವವಿದ್ಯಾನಿಲಯಗಳಲ್ಲಿ ಅಧ್ಯಾಪಕರು ಓದಿ ಹೇಳುವುದು, ವಿದ್ಯಾರ್ಥಿಗಳು ಬರೆದುಕೊಳ್ಳುವುದು ರೂಢಿ. ಮನಶ್ಶಾಸ್ತ್ರದಂತಹ ವಿಷಯದಲ್ಲಿ ಅದು ಇನ್ನೂ ಸಹಜ. ಏಕೆಂದರೆ ಸಸ್ಯಶಾಸ್ತ್ರದವರು ಎಲೆಯನ್ನು ತೋರಿಸಬಹುದು, ರಸಾಯನಶಾಸ್ತ್ರದವರು ಬಣ್ಣ ಬದಲಾಗುವುದನ್ನು ತೋರಿಸಬಹುದು, ಮನಸ್ಸನ್ನು ತೋರಿಸುವುದೆಂತು? ಪ್ರಯೋಗಾಲಯವು ಈ ಪ್ರಶ್ನೆಗೆ ಕೊಟ್ಟ ಉತ್ತರ ಸರಳ. ತೋರಿಸಬೇಕಾದುದು ವಿದ್ಯಾರ್ಥಿಯ ಮನಸ್ಸನ್ನೇ. ಅವನೇ ಪ್ರಯೋಗಕರ್ತ, ಅವನೇ ಪ್ರಯೋಗವಸ್ತು. ಇಬ್ಬಿಬ್ಬರಾಗಿ ಕುಳಿತು ಒಬ್ಬನು ಸಂಜ್ಞೆ ಕೊಡುವುದು, ಇನ್ನೊಬ್ಬನು ಗುಂಡಿಯೊತ್ತುವುದು, ನಡುವಣ ಕಾಲವನ್ನು ಸೆಕೆಂಡಿನ ಸಹಸ್ರಾಂಶದವರೆಗೆ ಗಡಿಯಾರ ತೋರುವುದು. ಕ್ಷಣಮಾತ್ರ ಕಂಡು ಮರೆಯಾಗುವ ಅಕ್ಷರಗಳಲ್ಲಿ ಎಷ್ಟು ಓದಲಾಯಿತೆಂದು ಎಣಿಸುವುದು. ಚರ್ಮದ ಮೇಲೆ ಎರಡು ಮೊನೆಗಳನ್ನಿಟ್ಟು ಅವು ಎರಡಾಗಿ ತಿಳಿಯುವ ಅಂತರವನ್ನು ಅಳೆಯುವುದು. ಇವು ಆ ಕಾಲದ ಮನಶ್ಶಾಸ್ತ್ರ ಪ್ರಯೋಗಾಲಯಗಳ ಮೊದಲ ಪಾಠಗಳು.

ಇಂತಹ ಪಾಠದಿಂದ ಆಗುವ ಲಾಭವನ್ನು ಒಬ್ಬ ಶಾಲಾ ಅಧ್ಯಾಪಕನ ದೃಷ್ಟಿಯಿಂದ ಹೇಳುವುದಾದರೆ, ಕನ್ನಡಿಯ ಮುಂದೆ ತಾನೇ ತಡವರಿಸಿದ ತರಬೇತಿಯ ಶಿಕ್ಷಕನು, ಮೊದಲ ಬಾರಿ ಬಳಪ ಹಿಡಿದ ಮಗುವಿನ ಅಕ್ಷರ ಸೊಟ್ಟಗಾದಾಗ ಬೆತ್ತವನ್ನು ಹುಡುಕಲಾರನು. ಪುಸ್ತಕದ ನೂರು ಪುಟ ಮಾಡದ ಕೆಲಸವನ್ನು ನಾಲ್ಕಾಣೆಯ ಕನ್ನಡಿ ಮಾಡುತ್ತದೆ.

ಗೋಪಾಲಸ್ವಾಮಿಯವರ ಇನ್ನೊಂದು ಸೇವೆ ಬುದ್ಧಿಪರೀಕ್ಷೆಗಳ ಕ್ಷೇತ್ರದ್ದು. ಫ್ರಾನ್ಸಿನ ಆಲ್‌ಫ್ರೆಡ್ ಬಿನೆ 1905ರಲ್ಲಿ ರೂಪಿಸಿದ ಪರೀಕ್ಷೆಗಳು ಆ ವೇಳೆಗೆ ಪಶ್ಚಿಮದಲ್ಲೆಲ್ಲ ಹರಡಿದ್ದುವು. ಅವನ್ನು ಇದ್ದಂತೆಯೇ ತಂದು ನಮ್ಮ ಮಕ್ಕಳ ಮುಂದಿಡುವುದು ಸುಲಭವಾಗಿತ್ತು, ಅನ್ಯಾಯವೂ ಆಗಿತ್ತು. ಹಿಮ ಬೀಳುವ ನಾಡಿನ ಮಗು ಒಂದು ಕ್ಷಣದಲ್ಲಿ ಉತ್ತರಿಸುವ ಪ್ರಶ್ನೆಗೆ ಬಿಸಿಲ ನಾಡಿನ ಮಗು ಬಾಯಿ ಬಿಡದಿದ್ದರೆ ಅದು ಅದರ ಬುದ್ಧಿಯ ಕೊರತೆಯಲ್ಲ. ಪಾಶ್ಚಾತ್ಯ ಪರೀಕ್ಷೆಗಳನ್ನು ಭಾರತೀಯ ಪರಿಸ್ಥಿತಿಗೆ ಹೊಂದಿಸುವ ಕಾರ್ಯವನ್ನು ಮೈಸೂರಿನಲ್ಲಿ ಗೋಪಾಲಸ್ವಾಮಿಯವರು ಕೈಗೊಂಡರು. ಅತ್ತ ಅಂದಿನ ಮುಂಬಯಿ ಪ್ರಾಂತದ ಭಾಗವಾಗಿದ್ದ ಕರ್ನಾಟಕದಲ್ಲಿ ವಿ. ವಿ. ಕಾಮತರು ಬಿನೆಯ ಪರೀಕ್ಷೆಗಳನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಪರಿಷ್ಕರಿಸಿ, ಅದರ ವಿವರಗಳನ್ನು 1940ರಲ್ಲಿ ಗ್ರಂಥರೂಪದಲ್ಲಿ ಹೊರತಂದರು. ಭಾಷೆ ಬದಲಾಯಿಸಿದ ಮಾತ್ರಕ್ಕೆ ಈ ಕೆಲಸ ಮುಗಿಯುವುದಿಲ್ಲ. ಪ್ರತಿಯೊಂದು ಪ್ರಶ್ನೆಯನ್ನೂ ಇಲ್ಲಿನ ಮಕ್ಕಳ ಮೇಲೆಯೇ ಪ್ರಯೋಗಿಸಿ, ಯಾವ ವಯಸ್ಸಿನ ಬಹುಪಾಲು ಮಕ್ಕಳಿಗೆ ಅದು ಸಾಧ್ಯವೆಂದು ಕಂಡುಕೊಂಡು, ಹೊಸದಾಗಿ ಶ್ರೇಣಿ ಕಟ್ಟಬೇಕು. ನಮ್ಮ ಸಿಂಧನೂರು ಸೀಮೆಯಲ್ಲಿ ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ ಮಾತನಾಡುವ ಮಕ್ಕಳಿದ್ದಾರೆ. ಕ್ಯಾಂಪುಗಳಲ್ಲಿ ಬಂಗಾಳಿ ಮಾತನಾಡುವ ಮಕ್ಕಳೂ ಇದ್ದಾರೆ. ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ತಡವಾಗಿ ಉತ್ತರಿಸಿದ ಮಗುವನ್ನು ಮಂದಬುದ್ಧಿಯೆಂದು ಹಾಜರಿ ಪುಸ್ತಕದಲ್ಲಿ ಗುರುತು ಮಾಡುವ ಮುನ್ನ ಆ ಹಳೆಯ ಪರಿಶ್ರಮವನ್ನು ನೆನೆಯಬೇಕು.

ಇಂದು ಅಂತರಜಾಲದಲ್ಲಿ ಮನಶ್ಶಾಸ್ತ್ರದ ಪ್ರಾರಂಭಿಕ ಪ್ರಯೋಗಗಳಿಗೆ ಉಚಿತ ತಂತ್ರಾಂಶಗಳು ದೊರೆಯುತ್ತವೆ. ಸೈಕೋಪೈ, ಸೈಟೂಲ್‌ಕಿಟ್ ಎಂಬುವು ಅವುಗಳಲ್ಲಿ ಪ್ರಸಿದ್ಧವಾದುವು. ಹಿಂದೆ ವಿದೇಶದಿಂದ ತರಿಸಬೇಕಾಗಿದ್ದ ಕಾಲಮಾಪಕದ ಕೆಲಸವನ್ನು, ತರಗತಿಯ ಪ್ರಯೋಗಕ್ಕೆ ಸಾಕಾಗುವಷ್ಟು ನಿಖರವಾಗಿ, ಸಾಧಾರಣ ಗಣಕವೇ ಮಾಡುತ್ತದೆ. ಆದರೆ ಬಿನೆಯ ಪರೀಕ್ಷೆಗಳ ತೊಡಕು ಇಲ್ಲಿಯೂ ಬೆನ್ನು ಬಿಟ್ಟಿಲ್ಲ. ಅಮೆರಿಕದ ಜೆ. ಆರ್. ಸ್ಟ್ರೂಪ್ 1935ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಯೋಗವನ್ನೇ ತೆಗೆದುಕೊಳ್ಳಿ. ಕೆಂಪು ಎಂಬ ಪದವನ್ನು ಹಸಿರು ಮಸಿಯಲ್ಲಿ ಬರೆದು, ಪದವನ್ನು ಬಿಟ್ಟು ಮಸಿಯ ಬಣ್ಣವನ್ನು ಹೇಳೆಂದರೆ ನಾಲಗೆ ತಡೆಯುತ್ತದೆ. ಓದು ರೂಢಿಯಾದವನಿಗೆ ಓದದಿರುವುದು ಕಷ್ಟವೆಂಬುದೇ ಇದರ ಸ್ವಾರಸ್ಯ. ತಂತ್ರಾಂಶದಲ್ಲಿನ ಇಂಗ್ಲಿಷ್ ಪದಗಳನ್ನು ಹಾಗೆಯೇ ಇಟ್ಟು ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಈ ಪ್ರಯೋಗ ಮಾಡಿಸಿದರೆ ಅವನ ನಾಲಗೆ ಅಷ್ಟಾಗಿ ತಡೆಯುವುದಿಲ್ಲ. ಏಕೆಂದರೆ ಚೆನ್ನಾಗಿ ಬಲ್ಲ ಭಾಷೆಯಲ್ಲಿಯೇ ಅಡ್ಡಿ ಹೆಚ್ಚು. ಅವನು ಪ್ರಯೋಗ ವಿಫಲವಾಯಿತೆಂದುಕೊಳ್ಳುತ್ತಾನೆ, ಇಲ್ಲವೇ ಪುಸ್ತಕ ಸುಳ್ಳೆಂದುಕೊಳ್ಳುತ್ತಾನೆ. ಆ ಪದಗಳ ಜಾಗದಲ್ಲಿ ಕನ್ನಡ ಅಕ್ಷರಗಳ ಚಿತ್ರಗಳನ್ನು ಸೇರಿಸಿದರೆ ತೊಡಕು ಬಿಡಿಸಿದಂತೆ. ಆಸಕ್ತಿಯುಳ್ಳ ಅಧ್ಯಾಪಕರು ಅರ್ಧ ದಿನದಲ್ಲಿ ಮಾಡಬಹುದಾದ ಕೆಲಸವದು. ಗಣಕಗಳನ್ನು ಕೊಟ್ಟ ಮಹನೀಯರು ಇಂತಹ ಕನ್ನಡ ರೂಪಾಂತರಗಳಿಗೂ ಒಂದಿಷ್ಟು ನೆರವು ನೀಡಿದರೆ ದಾನ ಸಾರ್ಥಕವಾದೀತು.

ಇನ್ನು ಆಕಾಶವಾಣಿಯ ವಿಷಯ. ಸ್ಟ್ರೂಪನ ಲೇಖನ ಬಂದ 1935ರಲ್ಲಿಯೇ, ಸೆಪ್ಟೆಂಬರ್ 10ರಂದು, ಮೈಸೂರಿನ ತಮ್ಮ ಮನೆಯಾದ ವಿಠ್ಠಲ ವಿಹಾರದಿಂದ ಗೋಪಾಲಸ್ವಾಮಿಯವರು ಬಾನುಲಿ ಪ್ರಸಾರವನ್ನು ಆರಂಭಿಸಿದರು. ಪ್ರೇಷಕದ ಶಕ್ತಿ ಮೊದಲು ಕೇವಲ 30 ವ್ಯಾಟ್. ಮುಂದೆ 250 ವ್ಯಾಟಿನ ಯಂತ್ರ ಬಂದಿತು. ಇದು ಭಾರತದ ಮೊಟ್ಟಮೊದಲ ಖಾಸಗಿ ಬಾನುಲಿಯೆಂದು ಅಭಿಮಾನದಿಂದ ಬರೆಯುವವರುಂಟು. ಅಭಿಮಾನ ತಪ್ಪಲ್ಲ, ಆದರೆ ಮದರಾಸಿನಲ್ಲಿ 1924ರಲ್ಲಿಯೇ ರೇಡಿಯೋ ಕ್ಲಬ್ಬಿನ ಪ್ರಸಾರ ನಡೆದಿತ್ತೆಂಬುದನ್ನು ಮರೆಯಬಾರದು. ಕನ್ನಡಿಗರ ಪಾಲಿಗೆ ಮೊದಲನೆಯದೆಂದರೆ ಸಾಕು, ಅದಕ್ಕಿಂತ ದೊಡ್ಡ ಬಿರುದು ಬೇಕಿಲ್ಲ. ಆಕಾಶವಾಣಿಯೆಂಬ ಹೆಸರನ್ನು ಸೂಚಿಸಿದವರು ಮಹಾರಾಜಾ ಕಾಲೇಜಿನ ಅಧ್ಯಾಪಕರೂ ಹಾಸ್ಯ ಸಾಹಿತಿಗಳೂ ಆಗಿದ್ದ ನಾ. ಕಸ್ತೂರಿಯವರು.

ಒಬ್ಬ ಮನಶ್ಶಾಸ್ತ್ರಜ್ಞ ಸ್ವಂತ ಹಣ ತೊಡಗಿಸಿ ಬಾನುಲಿ ನಡೆಸಿದ್ದೇಕೆ? ಹವ್ಯಾಸವೆಂದು ಹೇಳಿಬಿಡಬಹುದು. ಪ್ರಯೋಗಾಲಯದ ಬಾಗಿಲಿನಿಂದ ಒಳಬರುವವರು ಬೆರಳೆಣಿಕೆಯ ಮಂದಿ, ಗಾಳಿಯ ದಾರಿಯಲ್ಲಿ ಹೋಗುವ ಪಾಠಕ್ಕೆ ಬಾಗಿಲೇ ಇಲ್ಲ ಎಂಬುದನ್ನು ಕಂಡ ಅಧ್ಯಾಪಕನ ನಡೆಯೆಂದು ನನಗೆ ತೋರುತ್ತದೆ. ಆದರೆ ಈ ಎರಡು ಉಪಕರಣಗಳ ಸ್ವಭಾವ ಒಂದೇ ಅಲ್ಲ. ಕನ್ನಡಿಯು ಕಲಿಯುವವನಿಗೆ ಅವನ ತಪ್ಪನ್ನು ಆ ಕ್ಷಣವೇ ತೋರಿಸುತ್ತದೆ. ಬಾನುಲಿಯು ಹೇಳಬಲ್ಲುದು, ಕೇಳಿಸಿಕೊಳ್ಳಲಾರದು. ಎದುರಿಗಿದ್ದವನಿಗೆ ತಿಳಿಯಿತೋ ಇಲ್ಲವೋ ಅದಕ್ಕೆ ಗೊತ್ತಾಗದು.

ಈ ಕೊರತೆಯನ್ನು ನೀಗುವ ಯತ್ನ ಅದೇ ಕಾಲದಲ್ಲಿ ಅಮೆರಿಕದಲ್ಲಿ ನಡೆದಿತ್ತು. ಒಹಾಯೊ ಸಂಸ್ಥಾನದ ಸಿಡ್ನಿ ಪ್ರೆಸ್ಸಿ ಎಂಬ ಶಿಕ್ಷಣ ಮನಶ್ಶಾಸ್ತ್ರದ ಅಧ್ಯಾಪಕನು 1926ರಲ್ಲಿ ಒಂದು ಪುಟ್ಟ ಯಂತ್ರವನ್ನು ವಿವರಿಸಿದನು. ಕಿಂಡಿಯಲ್ಲಿ ಪ್ರಶ್ನೆ ಕಾಣುತ್ತದೆ. ನಾಲ್ಕು ಗುಂಡಿಗಳಲ್ಲಿ ಒಂದು ಸರಿಯುತ್ತರ. ಸರಿಯಾದುದನ್ನು ಒತ್ತುವವರೆಗೂ ಮುಂದಿನ ಪ್ರಶ್ನೆ ಬಾರದು. ಅದನ್ನು ಕೊಳ್ಳುವವರಿಲ್ಲದೆ 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಯಂತ್ರ ಮೂಲೆಗೆ ಸೇರಿತು. 1950ರ ದಶಕದಲ್ಲಿ ಹಾರ್ವರ್ಡಿನ ಬಿ. ಎಫ್. ಸ್ಕಿನ್ನರ್ ಬೋಧನಯಂತ್ರವನ್ನು ಹೊಸ ರೀತಿಯಲ್ಲಿ ರೂಪಿಸಿ, ಮಾನವ ವರ್ತನೆಯ ಪ್ರಾರಂಭಿಕ ಪಾಠಗಳನ್ನು ತನ್ನ ವಿದ್ಯಾರ್ಥಿಗಳಿಗೆ ಅದರ ಮೂಲಕವೇ ಕಲಿಸಿದನು. ಅದೇ ಪಾಠಕ್ರಮ 1961ರಲ್ಲಿ ಸಹಲೇಖಕ ಹಾಲೆಂಡನ ಜೊತೆ ಪುಸ್ತಕವಾಗಿ ಬಂದಿತು. ಇಂದಿನ ಶೈಕ್ಷಣಿಕ ತಂತ್ರಾಂಶಗಳ ವಂಶವೃಕ್ಷದಲ್ಲಿ ಇವರಿಬ್ಬರಿಗೂ ಹಿರಿಯ ಸ್ಥಾನವಿದೆ. ಮೂಲಪಾಠ ಮನಶ್ಶಾಸ್ತ್ರದ್ದೇ ಆಗಿತ್ತೆಂಬುದನ್ನು ಗಮನಿಸಬೇಕು.

ಮೈಸೂರಿನ 30 ವ್ಯಾಟಿನ ಧ್ವನಿ ಅಂದು ತುಂಗಭದ್ರೆಯನ್ನು ದಾಟಿ ದಢೇಸುಗೂರಿಗೆ ಬರುವಂತಿರಲಿಲ್ಲ. ಆಗ ಈ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿತ್ತು; ನಿಜಾಮರ ಬಾನುಲಿಯೇ ಬೇರೆ. ನಮ್ಮ ಭಾಗದ ಕಲಬುರ್ಗಿಗೆ ಆಕಾಶವಾಣಿ ನಿಲಯ ಬಂದುದು 1966ರಲ್ಲಿ. ಆದರೆ 1975ರ ಆಗಸ್ಟಿನಿಂದ ಒಂದು ವರ್ಷ ಕಾಲ, ಉಪಗ್ರಹದ ಮೂಲಕ ಹಳ್ಳಿಗಳಿಗೆ ದೂರದರ್ಶನ ಪಾಠಗಳನ್ನು ಕಳುಹಿಸುವ ಸೈಟ್ ಎಂಬ ಪ್ರಯೋಗ ನಡೆದಾಗ, ದೇಶದ 20 ಜಿಲ್ಲೆಗಳ ಸುಮಾರು 2,400 ಹಳ್ಳಿಗಳಲ್ಲಿ ನಮ್ಮ ರಾಯಚೂರು ಜಿಲ್ಲೆಯ ಹಳ್ಳಿಗಳೂ ಸೇರಿದ್ದುವು. ಕರ್ನಾಟಕದಲ್ಲಿ ವಿಜಾಪುರ, ಗುಲ್ಬರ್ಗ, ರಾಯಚೂರು ಈ ಮೂರೇ ಜಿಲ್ಲೆಗಳಿಗೆ ಆ ಯೋಗ ಒದಗಿತು. ಬೆಳಗಿನ ವೇಳೆ ಶಾಲಾಮಕ್ಕಳಿಗಾಗಿ ಕನ್ನಡದಲ್ಲಿ ಪಾಠಗಳು ಬರುತ್ತಿದ್ದುವು. ಆ ಪೆಟ್ಟಿಗೆಯ ಮುಂದೆ ಕುಳಿತಿದ್ದ ಹಿರಿಯ ವಿದ್ಯಾರ್ಥಿಗಳು ಈ ಸಂಪುಟದ ವಾಚಕರಲ್ಲಿಯೂ ಇರಬಹುದು.

ಗೋಪಾಲಸ್ವಾಮಿಯವರು ಮುಂದೆ ಮಹಾರಾಜಾ ಕಾಲೇಜಿನ ಪ್ರಾಂಶುಪಾಲರ ಹುದ್ದೆಯನ್ನೂ ಅಲಂಕರಿಸಿದರು. ಬಾನುಲಿಯನ್ನು ಒಬ್ಬ ವ್ಯಕ್ತಿಯ ಕೈಗಂಟಿನಿಂದ ಬಹುಕಾಲ ನಡೆಸುವುದು ಅಸಾಧ್ಯವಾದುದರಿಂದ 1940ರ ದಶಕದ ಆರಂಭದಲ್ಲಿ ಅದು ಮೈಸೂರು ಸರ್ಕಾರದ ವಶಕ್ಕೆ ಹೋಯಿತು. 1950ರ ಏಪ್ರಿಲ್ 1ರಂದು ಇತರ ಸಂಸ್ಥಾನಗಳ ನಿಲಯಗಳೊಂದಿಗೆ ಕೇಂದ್ರ ಸರ್ಕಾರದ ಬಾನುಲಿಯಲ್ಲಿ ವಿಲೀನವಾಗಿ, 1955ರ ನವೆಂಬರಿನಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಅನಂತರ ಇಡೀ ದೇಶದ ಬಾನುಲಿಗೆ ಆಕಾಶವಾಣಿಯೆಂಬ ಹೆಸರೇ ಅಧಿಕೃತವಾಯಿತು. ನಿಲಯವನ್ನು ಕಳೆದುಕೊಂಡ ಮೈಸೂರು ಮತ್ತೊಂದನ್ನು ಪಡೆದುದು 1974ರಲ್ಲಿ. ಕನ್ನಡಿ, ಕಾಲಮಾಪಕ, ಪ್ರಶ್ನಪತ್ರಿಕೆಗಳೊಂದಿಗೆ ಆರಂಭವಾದ ಮನಶ್ಶಾಸ್ತ್ರ ವಿಭಾಗವು ಮಹಾರಾಜಾ ಕಾಲೇಜಿನಿಂದ ಮಾನಸಗಂಗೋತ್ರಿಗೆ ಬೆಳೆದು, 2024ಕ್ಕೆ ನೂರು ವರ್ಷಗಳನ್ನು ಪೂರೈಸಿತು.